ಹದ್ದಿನ ಕಥೆ ಸಾಕು, ಸಂಬಳದ ಮಾತಾಡಿ: ಅನುದಿನ ಧ್ಯಾನದ ರಸಿಕರಿಗೊಂದು ಕೈಪಿಡಿ

ಅನುದಿನ ಧ್ಯಾನವೆಂದರೆ ಸೂರ್ಯೋದಯದ ಚಿತ್ರದ ಮೇಲೊಂದು ಬೈಬಲ್ ವಚನ, ಅದರ ಕೆಳಗೆ ಕೈಮುಗಿದ ನಾಲ್ಕು ಎಮೋಜಿ ಎಂದುಕೊಂಡವರು ನಮ್ಮ ಸಭೆಗಳಲ್ಲಿ ದಿನೇದಿನೇ ಹೆಚ್ಚುತ್ತಿದ್ದಾರೆ. ಓದಿದ್ದೂ ಆಯಿತು, ಮುಂದಿನ ಗುಂಪಿಗೆ ಕಳಿಸಿದ್ದೂ ಆಯಿತು, ಅಲ್ಲಿಗೆ ಆ ದಿನದ ಭಕ್ತಿ ಮುಗಿಯಿತು. ಇನ್ನು ಕೆಲವರಿಗೆ ಕಣ್ಣೀರೇ ಅಳತೆ. ಕೇಳಿ ಅತ್ತರೆ ಒಳ್ಳೆಯ ಧ್ಯಾನ, ಅಳದಿದ್ದರೆ ಸಪ್ಪೆ. ಈ ಎರಡೂ ಬಗೆಯ ಕೇಳುಗರ ಮೇಲೆ ನನಗೆ ಸಿಟ್ಟಿದೆ. ಐದು ನಿಮಿಷದೊಳಗೆ ದೇವರ ವಾಕ್ಯವನ್ನು ಅಡುಗೆಮನೆಗೂ ಅಂಗಡಿಯ ಗಲ್ಲಾಪೆಟ್ಟಿಗೆಗೂ ತಂದು ನಿಲ್ಲಿಸುವ ಈ ಪುಟ್ಟ ಪ್ರಕಾರ ಭಾನುವಾರದ ಪ್ರಸಂಗಕ್ಕಿಂತ ಕಷ್ಟದ್ದು. ಪ್ರಸಂಗಿ ನಡುವೆ ಹತ್ತು ನಿಮಿಷ ದಾರಿ ತಪ್ಪಿದರೂ ಮರಳಿ ಬರಲು ಅವನಿಗೆ ಸಮಯವಿರುತ್ತದೆ. ಇಲ್ಲಿ ಎರಡು ಸಾಲು ಪೋಲಾದರೆ ಕೆಲಸ ಕೆಟ್ಟಂತೆಯೇ.

ವಚನ, ವಿವರಣೆ, ಅನ್ವಯ, ಪ್ರಾರ್ಥನೆ ಎಂಬ ಕಟ್ಟಿನ ಬಗ್ಗೆ ನಾನಿಲ್ಲಿ ಹೇಳುವುದಿಲ್ಲ. ಯಾವ ಪುಸ್ತಿಕೆ ತೆರೆದರೂ ಅದು ಕಣ್ಣಿಗೆ ಬೀಳುತ್ತದೆ. ಹೊಸಬರು ಹುಡುಕಬೇಕಾದದ್ದು ಒಂದೇ ಒಂದು ಸಾಲನ್ನು. ಎರಡು ಮೂರು ಸಾವಿರ ವರ್ಷದ ಹಿಂದಿನ ವಚನ ಯಾವ ಸಾಲಿನಲ್ಲಿ ನಮ್ಮ ಮನೆಯೊಳಗೆ ಕಾಲಿಡುತ್ತದೆ? ಆ ಸಾಲು ಇದ್ದರೆ ಅದು ಧ್ಯಾನ, ಇಲ್ಲದಿದ್ದರೆ ಬರಿಯ ಬೋಧನೆ. ಅದು ಎಷ್ಟು ನೇರವಾಗಿದೆ, ಕೇಳುಗನಿಂದ ಏನನ್ನು ಬೇಡುತ್ತದೆ, ವಚನದಿಂದಲೇ ಹೊರಟಿದೆಯೋ ಹೊರಗಿಂದ ತಂದು ಅಂಟಿಸಿದ್ದೋ ಎಂದು ನೋಡಬಲ್ಲವನೇ ಈ ಪ್ರಕಾರದ ರಸಿಕ.

ನನಗೆ ಇದರ ರುಚಿ ಹತ್ತಿದ್ದು ಕಾಲೇಜು ಓದುವ ಕಾಲದಲ್ಲಿ, ಮಂಗಳೂರಿನ ಒಂದು ಮನೆಕೂಟದಲ್ಲಿ. ಸಭೆಯ ಅಯ್ಯನವರು ಊರಲ್ಲಿರಲಿಲ್ಲವೆಂದು ನಿವೃತ್ತ ಮೇಷ್ಟ್ರೊಬ್ಬರಿಗೆ ಧ್ಯಾನದ ಹೊಣೆ ಬಿದ್ದಿತ್ತು. ಅವರು ಯಾಜಕಕಾಂಡ ತೆರೆದಾಗ ಹಿಂದಿನ ಸಾಲಿನಲ್ಲಿ ಕೂತ ನಾವು ಹುಡುಗರು ಮುಖ ಮುಖ ನೋಡಿಕೊಂಡೆವು. ಬಲಿ, ರಕ್ತ, ಕುಷ್ಠರೋಗದ ನಿಯಮಗಳ ಪುಸ್ತಕದಲ್ಲಿ ನಮಗೇನಿದೆ ಎಂಬ ಭಾವನೆ. ಮೇಷ್ಟ್ರು ಓದಿದ್ದು 19ನೇ ಅಧ್ಯಾಯದ 13ನೇ ವಚನ: ದಿನಗೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ನಿನ್ನ ಬಳಿ ಇಟ್ಟುಕೊಳ್ಳಬೇಡ ಎಂಬ ಅರ್ಥದ್ದು. ಬಳಿಕ ಧರ್ಮೋಪದೇಶಕಾಂಡದ 24ನೇ ಅಧ್ಯಾಯಕ್ಕೆ ಹೋಗಿ, ಅದೇ ಕಟ್ಟಳೆಗೆ ಅಲ್ಲಿ ಕೊಟ್ಟಿರುವ ಕಾರಣ ತೋರಿಸಿದರು. ಕೂಲಿಯವನು ಬಡವ, ಸಂಜೆಯ ಆ ದುಡ್ಡನ್ನೇ ನೆಚ್ಚಿಕೊಂಡಿದ್ದಾನೆ. ಹೊತ್ತು ಮುಳುಗುವ ಮೊದಲು ಕೊಡದಿದ್ದರೆ ಅವನ ಮೊರೆ ದೇವರಿಗೆ ಮುಟ್ಟುತ್ತದೆ. ಅವನು ಪರದೇಶದವನಾದರೂ ನಿಯಮ ಅದೇ.

ಇಷ್ಟು ಹೇಳಿ ಕನ್ನಡಕ ತೆಗೆದು ಮೇಷ್ಟ್ರು ಕೇಳಿದರು: “ಇವತ್ತು ತಾರೀಖು ಎಂಟು. ನಮ್ಮ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ ಈ ತಿಂಗಳ ಸಂಬಳ ಮುಟ್ಟಿದೆಯೋ?”

ಕೋಣೆಯಲ್ಲಿ ಯಾರೂ ಮಿಸುಕಲಿಲ್ಲ. ನಮ್ಮ ದೊಡ್ಡಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು. ಮೇಷ್ಟ್ರು ಬೇರೇನೂ ಸೇರಿಸಲಿಲ್ಲ. “ಪ್ರಾರ್ಥಿಸೋಣ” ಎಂದರು, ಮೂರು ವಾಕ್ಯದಲ್ಲಿ ಪ್ರಾರ್ಥನೆ ಮುಗಿಸಿದರು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಕೆಲಸದವಳಿಗೆ ಚಹಾಕ್ಕೂ ಮೊದಲು ದುಡ್ಡು ಎಣಿಸಿ ಕೊಟ್ಟರು. ಅವಳಿಗೆ ಕಾರಣ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಆ ಪ್ರಶ್ನೆಯನ್ನು ಬಿಡಿಸಿ ನೋಡಿ. ಅದರಲ್ಲಿ ತಾರೀಖಿದೆ, ಒಬ್ಬ ವ್ಯಕ್ತಿ ಇದ್ದಾಳೆ, ಸಂಜೆಯೊಳಗೆ ಮಾಡಿ ಮುಗಿಸಬಹುದಾದ ಕೆಲಸವಿದೆ. ‘ನೀವು’ ಎನ್ನದೆ ‘ನಮ್ಮ ನಮ್ಮ ಮನೆ’ ಎಂದದ್ದರಿಂದ ಹೇಳಿದವರೂ ಅದರೊಳಗೆ ಸೇರಿದರು. ಎಲ್ಲಕ್ಕಿಂತ ಮಿಗಿಲಾಗಿ, ಅದು ವಚನದ ಹೊಟ್ಟೆಯಿಂದಲೇ ಹುಟ್ಟಿದ ಪ್ರಶ್ನೆ. ಕೂಲಿಯ ಮಾತು ಕೂಲಿಯ ಮಾತಾಗಿಯೇ ಉಳಿಯಿತು. ಇದೇ ವಚನ ಜನಪ್ರಿಯ ಭಾಷಣಕಾರನ ಕೈಗೆ ಸಿಕ್ಕಿದ್ದರೆ, ‘ದೇವರು ನಿಮಗೆ ಸಲ್ಲಬೇಕಾದ ಆಶೀರ್ವಾದದ ಕೂಲಿಯನ್ನು ತಡಮಾಡುವುದಿಲ್ಲ’ ಎಂದು ತಿರುಗಿಸಿ ಬಿಡುತ್ತಿದ್ದ. ಸಭೆ ಹಲ್ಲೆಲೂಯ ಎನ್ನುತ್ತಿತ್ತು. ಕೆಲಸದವಳ ಸಂಬಳ ಹದಿನೈದನೆಯ ತಾರೀಖಿನವರೆಗೆ ಬೀರುವಿನಲ್ಲೇ ಇರುತ್ತಿತ್ತು. ಕೊಡು ಎಂಬ ವಚನವನ್ನು ಪಡೆ ಎಂದು ತಿರುಚುವುದು ಇಂದಿನ ಧ್ಯಾನಗಳ ದೊಡ್ಡ ರೋಗ. ಹೊಸ ರಸಿಕ ಮೊದಲು ಕಲಿಯಬೇಕಾದದ್ದು ಈ ತಿರುವನ್ನು ಗುರುತಿಸಲು.

ಎರಡನೆಯ ರೋಗ ಕಥೆಯದ್ದು. ಹದ್ದಿನ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ನಲವತ್ತನೆಯ ವಯಸ್ಸಿಗೆ ಹದ್ದು ಬೆಟ್ಟದ ತುದಿಗೆ ಹೋಗಿ ತನ್ನ ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಳ್ಳುತ್ತದಂತೆ, ಹೊಸ ಕೊಕ್ಕು ಬಂದ ಮೇಲೆ ಉಗುರು ಕೀಳುತ್ತದಂತೆ, ಆಮೇಲೆ ಗರಿ, ಆಮೇಲೆ ಇನ್ನೂ ಮೂವತ್ತು ವರ್ಷದ ಹೊಸ ಬಾಳು. ಇದು ಶುದ್ಧ ಸುಳ್ಳು. ಕೊಕ್ಕಿಲ್ಲದ ಹದ್ದು ಮಾಂಸ ಸಿಗಿದು ತಿನ್ನಲಾರದೆ ಹಸಿವಿನಿಂದ ಸಾಯುತ್ತದೆ. ಗರಿಗಳು ತಾವಾಗಿ ಒಂದೊಂದಾಗಿ ಉದುರಿ ಮತ್ತೆ ಹುಟ್ಟುತ್ತವೆ. ಆದರೂ ಯೆಶಾಯನ 40ನೇ ಅಧ್ಯಾಯದ ಕೊನೆಯ ವಚನ ಬಂತೆಂದರೆ ಈ ಕಥೆ ಬಂದೇ ಬರುತ್ತದೆ. ಸತ್ಯದ ದೇವರ ಬಗ್ಗೆ ಮಾತಾಡುವವರು ಪ್ರಾಣಿಪಕ್ಷಿಗಳ ಬಗ್ಗೆ ಸುಳ್ಳು ಹೇಳಬಾರದು.

ಕಥೆಯ ಗದ್ದಲದಲ್ಲಿ ಕಳೆದುಹೋಗುವುದು ಆ ವಚನದ ಅಸಲು ಚೆಲುವು. ಯೆಹೋವನನ್ನು ನಿರೀಕ್ಷಿಸುವವರ ಬಗ್ಗೆ ಪ್ರವಾದಿ ಮೂರು ಮಾತು ಹೇಳುತ್ತಾನೆ. ಅವರು ಹದ್ದುಗಳಂತೆ ರೆಕ್ಕೆ ಚಾಚಿ ಏರುವರು, ದಣಿಯದೆ ಓಡುವರು, ಬಳಲದೆ ನಡೆಯುವರು. ಸಾಮಾನ್ಯ ಭಾಷಣಕಾರ ಇದನ್ನು ತಲೆಕೆಳಗು ಮಾಡುತ್ತಿದ್ದ: ಮೊದಲು ನಡಿಗೆ, ಬಳಿಕ ಓಟ, ಕೊನೆಗೆ ಹಾರಾಟ. ಪ್ರವಾದಿಯ ಕ್ರಮದಲ್ಲಿ ಹಾರಾಟ ಮೊದಲು, ನಡಿಗೆ ಕೊನೆಗೆ. ಬಾಬೆಲಿನ ಸೆರೆಯಿಂದ ಊರಿಗೆ ಮರಳಬೇಕಾದ ಜನರಿಗೆ ಮರಳುಗಾಡಿನ ದೀರ್ಘ ದಾರಿ ಕಾದಿತ್ತು, ಅದನ್ನು ನಡೆದೇ ಸವೆಸಬೇಕಿತ್ತು. ಇದನ್ನು ಗಮನಿಸಿದ ಧ್ಯಾನವೊಂದನ್ನು ನಾನು ಒಂದು ಮಹಿಳಾ ಅನ್ಯೋನ್ಯ ಕೂಟದಲ್ಲಿ ಕೇಳಿದ್ದೇನೆ. ಹಾಸಿಗೆ ಹಿಡಿದ ಅತ್ತೆಯನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿದ್ದ ಹೆಂಗಸು ಅದನ್ನು ಮಾಡಿದ್ದು. “ಹಾರುವ ಶಕ್ತಿ ನಾನು ಕೇಳುವುದಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಅವರ ಬಟ್ಟೆ ಬದಲಿಸುವಾಗ ಗೊಣಗದೆ ಕೋಣೆಯಿಂದ ಕೋಣೆಗೆ ನಡೆಯುವ ಶಕ್ತಿ ಸಾಕು” ಎಂದರು. ಇಡೀ ಅಧ್ಯಾಯ ಆ ಮಾತಿನಲ್ಲಿ ಮನೆಯೊಳಗೆ ಬಂತು. ಕೂಟ ಮುಗಿದ ಮೇಲೆ ಕೆಲವರು, ಮಾತು ಚೆನ್ನಾಗಿತ್ತು, ಉದಾಹರಣೆ ಒಂದೂ ಇರಲಿಲ್ಲ ಎಂದರು. ಅಂಥ ಕಿವಿಗಳಿಗೆ ಏನು ಹೇಳುವುದು!

ವಾಗ್ದಾನದ ಚೀಟಿಗಳ ಬಗ್ಗೆಯೂ ಎರಡು ಮಾತು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ ಚೀಟಿ ಎತ್ತಿ, ಬಂದ ವಚನವನ್ನು ವರ್ಷವಿಡೀ ಪರ್ಸಿನಲ್ಲಿಟ್ಟುಕೊಳ್ಳುವ ರೂಢಿ ಅನೇಕ ಕಡೆ ಇದೆ. ಚೀಟಿ ಎತ್ತುವುದಕ್ಕೆ ನನ್ನ ತಕರಾರಿಲ್ಲ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಕೌಂಟ್ ಝಿನ್ಜೆಂಡಾರ್ಫ್ 1728ರ ಮೇ 3ರ ಸಂಜೆ ತನ್ನ ಸಭೆಗೆ ಮರುದಿನಕ್ಕೊಂದು ಸಾಲು ಕೊಟ್ಟ. 1731ರಿಂದ ಅದು ‘ಲೋಸುಂಗೆನ್’ ಎಂಬ ಪುಸ್ತಿಕೆಯಾಗಿ ಇಂದಿನವರೆಗೂ ಪ್ರತಿವರ್ಷ ಬರುತ್ತಿದೆ. ಹಳೆ ಒಡಂಬಡಿಕೆಯ ಸುಮಾರು 1,800 ವಚನಗಳಿಂದ ದಿನಕ್ಕೊಂದನ್ನು ಚೀಟಿ ಎತ್ತಿಯೇ ಆರಿಸುತ್ತಾರೆ, ಅದಕ್ಕೆ ಒಪ್ಪುವ ಹೊಸ ಒಡಂಬಡಿಕೆಯ ವಚನವನ್ನು ಯೋಚಿಸಿ ಜೋಡಿಸುತ್ತಾರೆ. ಆ ಸಂಗ್ರಹದಲ್ಲಿ ಆಜ್ಞೆಯೂ ಇದೆ, ಗದರಿಕೆಯೂ ಇದೆ, ಅಳಲೂ ಇದೆ. ಒಂದು ದಿನಕ್ಕೆ ಬಂದ ವಚನ ಎಲ್ಲರಿಗೂ ಒಂದೇ. ನಮ್ಮ ತಟ್ಟೆಯಲ್ಲಾದರೋ ಸಿಹಿ ವಚನಗಳು ಮಾತ್ರ, ಅದೂ ಒಬ್ಬೊಬ್ಬರಿಗೆ ಒಂದೊಂದು. ಯಾರಿಗೂ ‘ನಿನ್ನ ಸಹೋದರನೊಂದಿಗೆ ರಾಜಿಯಾಗು’ ಎಂಬ ಚೀಟಿ ಬಂದದ್ದನ್ನು ನಾನು ಕಂಡಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರು ಇದೇ ಜರ್ಮನ್ ಭಕ್ತಿಪಂಥದ ಗಾಳಿಯಲ್ಲಿ ಬೆಳೆದವರು. ಅವರು ಕರಾವಳಿಗೆ ತಂದದ್ದು ಹೆಂಚು, ನೇಯ್ಗೆ, ಅಚ್ಚುಕೂಟ ಮಾತ್ರವಲ್ಲ, ದಿನವೂ ಮನೆಮಂದಿ ಒಟ್ಟಿಗೆ ಕೂತು ವಾಕ್ಯ ಓದುವ ಶಿಸ್ತನ್ನೂ ತಂದರು. ಆ ಶಿಸ್ತನ್ನು ಪರ್ಸಿನ ಚೀಟಿಗೆ ಇಳಿಸಿಕೊಂಡಿದ್ದೇವೆ.

ತಟ್ಟೆಯಲ್ಲಿ ಅತಿ ಹೆಚ್ಚು ಸಿಗುವ ವಚನ ಯೆರೆಮೀಯ 29:11. ದೇವರಲ್ಲಿ ನಮಗಾಗಿ ಒಳ್ಳೆಯ ಆಲೋಚನೆಗಳಿವೆ ಎಂಬುದು ಅದರ ಸಾರ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಮಾತು. ಅದರ ಹಿಂದಿನ ವಚನ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಅದಕ್ಕೂ ಮೇಲೆ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆಯಿಟ್ಟ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂಬ ಆಜ್ಞೆಯಿದೆ. ವರ್ಗವಾಗಿ ಒಲ್ಲದ ಊರಿಗೆ ಬಂದವನಿಗೆ, ಮಸ್ಕತ್ತಿನಲ್ಲೋ ದುಬಾಯಿಯಲ್ಲೋ ರಜೆಯ ದಿನ ಎಣಿಸುತ್ತ ಕೂತ ನಮ್ಮ ಹುಡುಗನಿಗೆ ಅದರಲ್ಲಿ ಎಂಥ ಧ್ಯಾನವಿದೆ! ಅದನ್ನು ಬಿಟ್ಟು ಒಂದೇ ವಚನ ಕತ್ತರಿಸಿಕೊಳ್ಳುವವರು ಮನೆ, ತೋಟ, ಪಟ್ಟಣ ಮೂರನ್ನೂ ಕಳೆದುಕೊಳ್ಳುತ್ತಾರೆ.

ಪುಸ್ತಕಗಳಲ್ಲಿ ಒಂದನ್ನಾದರೂ ಓದಲೇಬೇಕೆಂದರೆ ಆಸ್ವಾಲ್ಡ್ ಚೇಂಬರ್ಸ್. 1874ರಲ್ಲಿ ಅಬರ್ಡೀನ್‌ನಲ್ಲಿ ಹುಟ್ಟಿದ ಈತ ಮೊದಲ ಮಹಾಯುದ್ಧದ ಕಾಲದಲ್ಲಿ ಕೈರೋ ಬಳಿಯ ಝೈಟೂನ್ ಶಿಬಿರದಲ್ಲಿ ಸೈನಿಕರಿಗೆ ಬೋಧಿಸುತ್ತಿದ್ದ. 1917ರ ನವೆಂಬರಿನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ, ವಯಸ್ಸು ಇನ್ನೂ 43. ಅವನ ಹೆಸರಿನ ಪ್ರಸಿದ್ಧ ಪುಸ್ತಕ ‘ಮೈ ಅಟ್‌ಮೋಸ್ಟ್ ಫಾರ್ ಹಿಸ್ ಹೈಯೆಸ್ಟ್’ ಬಂದದ್ದು 1927ರಲ್ಲಿ. ಶೀಘ್ರಲಿಪಿ ಬಲ್ಲ ಹೆಂಡತಿ ಬಿಡ್ಡಿ, ತಾನು ಕೇಳಿ ಬರೆದಿಟ್ಟುಕೊಂಡ ಗಂಡನ ಉಪನ್ಯಾಸಗಳಿಂದ ವರ್ಷದ ಪ್ರತಿ ದಿನಕ್ಕೊಂದು ತುಣುಕು ಆರಿಸಿ ಕಟ್ಟಿದ ಪುಸ್ತಕ ಅದು. ಅವಳಿಗೆ ಆಗ ಸಾಕಬೇಕಾದ ಮಗಳಿದ್ದಳು, ಬಾಡಿಗೆಗಿದ್ದ ವಿದ್ಯಾರ್ಥಿಗಳಿಗೆ ಅಡುಗೆಯಾಗಬೇಕಿತ್ತು. ಇಂಥ ಕೈಯಿಂದ ಬಂದದ್ದರಿಂದಲೇ ಅದರಲ್ಲಿ ಒಂದು ಮಾತೂ ಹೆಚ್ಚಿಲ್ಲ. ಚೇಂಬರ್ಸ್ ಕಥೆ ಹೇಳುವುದು ಕಡಿಮೆ, ತಲೆ ಸವರುವುದು ಇನ್ನೂ ಕಡಿಮೆ. ಮೊದಲ ವಾರ ಒರಟೆನಿಸುತ್ತಾನೆ. ಬಿಡಬೇಡಿ.

ಉಳಿದವನ್ನು ಬೇಗ ಹೇಳುತ್ತೇನೆ. 1935ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಶುರುವಾದ ‘ದಿ ಅಪ್ಪರ್ ರೂಮ್’ ಸಾಮಾನ್ಯ ಓದುಗರೇ ಬರೆಯುವ ಪತ್ರಿಕೆ, ಆದ್ದರಿಂದ ಏರುಪೇರು ಬಹಳ. ಸಿಕ್ಕ ಒಳ್ಳೆಯದು ಮಾತ್ರ ತುಂಬಾ ಒಳ್ಳೆಯದು. ಪ್ರಸಂಗಿ ಸ್ಪರ್ಜನ್ ಬೆಳಿಗ್ಗೆಗೂ ಸಂಜೆಗೂ ಬರೆದದ್ದು ಮಾತಿನ ವೈಭವಕ್ಕಾಗಿ ಓದಬೇಕಾದದ್ದು, ದಿನಬಳಕೆಗೆ ಸ್ವಲ್ಪ ಭಾರ. ಇನ್ನು ಓದುವ ಬಗೆ. ಧ್ಯಾನವನ್ನು ಗಟ್ಟಿಯಾಗಿ ಓದಿ, ಪೊಳ್ಳು ಸಾಲು ನಾಲಿಗೆಗೆ ತಿಳಿಯುತ್ತದೆ. ಒಂದು ದಿನಕ್ಕೆ ಒಂದೇ ಓದಿ, ಮೂರು ಓದಿದವನು ಯಾವುದನ್ನೂ ಪಾಲಿಸುವುದಿಲ್ಲ. ಕೊನೆಯ ಪ್ರಾರ್ಥನೆ ಧ್ಯಾನದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರೆ ಬರೆದವನಿಗೆ ಪ್ರಾರ್ಥಿಸಲು ಏನೂ ಉಳಿದಿರಲಿಲ್ಲ ಎಂದು ತಿಳಿಯಿರಿ.

ಹೊಸಬರಿಗೆ ನನ್ನದೊಂದು ಕೆಲಸ. ಫಿಲೆಮೋನನಿಗೆ ಪೌಲ ಬರೆದ ಪತ್ರ ತೆಗೆಯಿರಿ. ಒಂದೇ ಅಧ್ಯಾಯ, 25 ವಚನ. ಮನೆ ಬಿಟ್ಟುಹೋದ ದಾಸನನ್ನು ತಮ್ಮನೆಂದು ಸೇರಿಸಿಕೋ, ಅವನಿಂದ ನಿನಗೆ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ ಎಂದು ಸೆರೆಯಲ್ಲಿ ಕೂತ ಮನುಷ್ಯ ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಕ್ರಿಸ್ತನು ನಮ್ಮ ಸಾಲ ತೀರಿಸಿದನೆಂದು ಹಾಡುವವರು ಇನ್ನೊಬ್ಬನ ಸಾಲಕ್ಕೆ ಹೆಗಲು ಕೊಡುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ನೇರ ಪಾಠ ಬೈಬಲಿನಲ್ಲಿ ಅಪರೂಪ. ಓದಿದ ಮೇಲೆ ಅದು ನಿಮ್ಮ ಮನೆಯೊಳಗೆ ಕಾಲಿಡುವ ಸಾಲನ್ನು ನೀವೇ ಬರೆಯಿರಿ. ಅದರಲ್ಲೊಬ್ಬ ವ್ಯಕ್ತಿಯ ಹೆಸರಿರಲಿ, ಒಂದು ಮೊತ್ತವಿರಲಿ, ಕೊಡುವ ತಾರೀಖಿರಲಿ. ಬರೆದದ್ದನ್ನು ಆ ತಾರೀಖಿನಂದು ಮಾಡಿ. ಆಮೇಲೆ ಬೇರೆಯವರ ಧ್ಯಾನ ಕೇಳಿದಾಗ ಅದರಲ್ಲಿ ಹುರುಳಿದೆಯೋ ಇಲ್ಲವೋ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.