ಅಂಕಿಗಳ ಹಾರ: 12345654321ನ್ನು ಸವಿಯುವ ಬಗೆ

ಸಂಖ್ಯೆಯನ್ನು ಲೆಕ್ಕದ ಸಾಧನವೆಂದಷ್ಟೇ ಕಾಣದೆ ಸವಿಯತಕ್ಕ ವಸ್ತುವೆಂದೂ ಕಂಡವರಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದು, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯನಿಗೆ ಹಿರಿಯ ಸ್ಥಾನವಿದೆ. ಗುಣಾಕಾರವನ್ನು ಕಲಿಸುವಲ್ಲಿ ಅವನು ಒಡ್ಡುವ ಕೆಲವು ಲೆಕ್ಕಗಳ ಉತ್ತರಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದರಿಂದ ಅವನ್ನು ಅವನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. 27994681ನ್ನು 441ರಿಂದ ಗುಣಿಸಿದಾಗ ದೊರೆಯುವ 12345654321 ಅಂಥದೊಂದು ಹಾರ.

ಚಿತ್ರಕಾವ್ಯದಲ್ಲಿ ಗತಪ್ರತ್ಯಾಗತವೆಂದು ಕರೆಯುವ ಈ ಇಮ್ಮುಖ ಓದು ಮೊದಲ ನೋಟಕ್ಕೇ ಸಿಕ್ಕಿಬಿಡುತ್ತದೆ. ಆದರೆ ರಸಿಕನು ಅಲ್ಲಿಗೇ ನಿಲ್ಲದೆ, ಅಂಕಿಗಳು ಆರರವರೆಗೆ ಏರಿ ಮತ್ತೆ ಇಳಿದದ್ದು ಏಕೆಂದು ಕೇಳಬೇಕು. ಈ ಸಂಖ್ಯೆ 111111ರ ವರ್ಗ, ಅಂದರೆ ಅದನ್ನು ಅದರಿಂದಲೇ ಗುಣಿಸಿ ಪಡೆದದ್ದು. ಶಾಲೆಯ ಕ್ರಮದಲ್ಲಿ ಗುಣಿಸಿದರೆ 111111 ಎಂಬ ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿದು ಒಂದರ ಕೆಳಗೊಂದು ನಿಲ್ಲುತ್ತವೆ. ಅಂಚಿನ ಕಂಬಸಾಲಿನಲ್ಲಿ ಒಂದೇ ಒಂದು, ನಡುವಿನದರಲ್ಲಿ ಆರು ಒಂದುಗಳು ಬೀಳುತ್ತವೆ, ಯಾವ ಮೊತ್ತವೂ ಒಂಬತ್ತನ್ನು ಮೀರದ ಕಾರಣ ಮುಂದಿನ ಸ್ಥಾನಕ್ಕೆ ಏನನ್ನೂ ಒಯ್ಯಬೇಕಾಗುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ಕ್ರಮ ನಿಲ್ಲುತ್ತದೆ. ಹತ್ತು ಒಂದುಗಳ ವರ್ಗ 1234567900987654321 ಆಗಿ, ಹಾರ ನಡುವಿನಲ್ಲಿ ಕಡಿಯುತ್ತದೆ.

ಇಲ್ಲೊಂದು ವಿವೇಕ ಅಗತ್ಯ. ಇಮ್ಮುಖ ಓದು ಹತ್ತನ್ನು ಆಧಾರವಾಗಿಟ್ಟು ಬರೆಯುವ ನಮ್ಮ ಪದ್ಧತಿಗೆ ಸೇರಿದ ಚೆಲುವು. ವರ್ಗವಾಗಿರುವುದು ಸಂಖ್ಯೆಯ ಸ್ವಂತ ಗುಣ, ಅದನ್ನು ಯಾವ ಪದ್ಧತಿಯಲ್ಲಿ ಬರೆದರೂ ಅಳಿಯದು. ಆ ಸ್ವಂತ ಗುಣವನ್ನು ಕಾಣಲು ಅವಿಭಾಜ್ಯ ಅಪವರ್ತನಗಳಿಗೆ, ಎಂದರೆ ಮುಂದೆ ಒಡೆಯಲಾಗದ ಭಾಗಗಳಿಗೆ ಇಳಿಯಬೇಕು. 111111 ಎಂಬುದು 3, 7, 11, 13, 37 ಇವುಗಳ ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಬಾರಿ ಬರುವುದರಿಂದ 12345654321ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಮಹಾವೀರನ ಕೈಚಳಕವೂ ಈಗ ತಿಳಿಯುತ್ತದೆ: 3 ಮತ್ತು 7ರ ಜೋಡಿಗಳನ್ನು ಗುಣಿಸಿದರೆ 441, ಅಂದರೆ 21ರ ವರ್ಗ, ಉಳಿದ ಮೂರರ ಜೋಡಿಗಳಿಂದ ಆದದ್ದು 27994681, ಅದು 5291ರ ವರ್ಗ. ನೋಡಲು ಯಾವ ಸೊಗಸೂ ಇಲ್ಲದ ಈ ಎಂಟು ಅಂಕಿಗಳ ಸಂಖ್ಯೆಯಲ್ಲಿ ಹಾರದ ಬಹುಪಾಲು ಅಡಗಿದೆಯೆಂಬುದೇ ಈ ಲೆಕ್ಕದ ಅತ್ಯಂತ ಸ್ವಾರಸ್ಯಕರ ಅಂಶ.

ಅದೇ ಗ್ರಂಥದ ಇನ್ನೊಂದು ಹಾರ, 142857143ನ್ನು 7ರಿಂದ ಗುಣಿಸಿದಾಗ ಬರುವ 1000000001. ಅದರೊಳಗೂ 7, 11, 13 ಕುಳಿತಿವೆ. ಅವು ಅಲ್ಲಿಗೆ ಬಂದ ದಾರಿಯನ್ನು ಓದುಗರು ಕಾಗದ ಹಿಡಿದು ತಾವೇ ಕಂಡುಕೊಳ್ಳಬೇಕು.