ಆಟದ ದಾರಿಯೂ ಆಟಗಾರನ ನಿರ್ಧಾರವೂ

ನೀವು ಬೈಂದೂರಿನಿಂದ ಬೈಕಿನಲ್ಲಿ ದಕ್ಷಿಣಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಮರವಂತೆಯಲ್ಲಿ ಬಲಕ್ಕೆ ಅರಬ್ಬೀ ಸಮುದ್ರ, ಎಡಕ್ಕೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಇಲ್ಲಿ ದಾರಿ ತಪ್ಪುವ ಮಾತೇ ಇಲ್ಲ. ಮುಂದೆ ಹೆಮ್ಮಾಡಿಯಲ್ಲಿ ಎಡಕ್ಕೆ ಕೊಲ್ಲೂರಿನ ರಸ್ತೆ ಕವಲೊಡೆಯುತ್ತದೆ. ನೇರ ಹೋದರೆ ಕುಂದಾಪುರ, ಅದನ್ನು ದಾಟಿದರೆ ಬ್ರಹ್ಮಾವರ. ಈಗ ನೀವು ಯೋಚಿಸಲೇಬೇಕು.

ವಿಡಿಯೊ ಗೇಮ್ ರಚಿಸುವವರೂ ಈ ಎರಡನ್ನು ತೂಗಿ ನೋಡಬೇಕಾಗುತ್ತದೆ. ಆಟ ಮುಗಿಸಲು ಹಾದುಹೋಗಲೇಬೇಕಾದ ಸ್ಥಳಗಳು, ಮಾಡಲೇಬೇಕಾದ ಕೆಲಸಗಳು - ಇವುಗಳ ಸರಣಿಯೇ ಆಟದ ಮುಖ್ಯ ಪಥ. ಅದು ಮರವಂತೆಯಂತಿರಬೇಕೆ, ಹೆಮ್ಮಾಡಿಯಂತಿರಬೇಕೆ?

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ಆಟವನ್ನು ಪರಿಶೀಲಿಸೋಣ. ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ರಾಜಿ ಎಂಬ ಹುಡುಗಿ ಹುಡುಕಿ ಹೊರಡುವುದು ಇದರ ಕಥೆ. ದೃಶ್ಯದ ಕೋನವನ್ನು ರಚನಕಾರರೇ ನಿಗದಿ ಮಾಡಿರುವುದರಿಂದ ಮುಂದಿನ ಹೆಜ್ಜೆ ಎಲ್ಲಿಗೆ ಎಂಬುದು ಸ್ಪಷ್ಟ. ಕಾಳಗದ ಅಂಗಳಗಳಂತೂ ಸೊಗಸಾಗಿವೆ. ಅಲ್ಲಿನ ಗೋಡೆ, ಕಂಬಗಳನ್ನೂ ಹೋರಾಟಕ್ಕೆ ಬಳಸಬಹುದು. ಯಾವಾಗ, ಯಾವುದನ್ನು ಎಂಬುದು ಆಟಗಾರನಿಗೆ ಬಿಟ್ಟದ್ದು.

ಆದರೆ ಒಂದು ಕಾಳಗದಿಂದ ಇನ್ನೊಂದಕ್ಕೆ ಸಾಗುವಾಗ ಈ ಸ್ವಾತಂತ್ರ್ಯ ಸೊರಗುತ್ತದೆ. ಅಂಚು ಹಿಡಿದು ಹತ್ತು, ಜಿಗಿ, ಮತ್ತೆ ಹತ್ತು. ಚಿತ್ರದ ತುಂಡುಗಳನ್ನು ತಿರುಗಿಸಿ ಹೊಂದಿಸುವ ಒಗಟುಗಳಲ್ಲೂ ಹೊಂದುವ ತನಕ ತಿರುಗಿಸುತ್ತಿದ್ದರಾಯಿತು. ಕಣ್ಣಿಗೆ ಹಬ್ಬ, ಕೈಗೆ ಕೆಲಸ. ಬುದ್ಧಿಗೆ ಮಾತ್ರ ಬಿಡುವು.

ದಾರಿ ಒಂದೇ ಆಗಿರುವುದು ಇದಕ್ಕೆ ಕಾರಣವೆ? ಅಲ್ಲ. ಚೌಕಾಬಾರದ 25 ಮನೆಗಳನ್ನು ಎಣಿಸಿ: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ಪ್ರತಿಯೊಂದು ಕಾಯಿಯೂ ತನ್ನ ಮನೆಯಿಂದ ಹೊರಟು 24 ಹೆಜ್ಜೆ ನಡೆದು ಹಣ್ಣಾಗಬೇಕು. ಕವಲು ದಾರಿ ಒಂದೂ ಇಲ್ಲ. ಆದರೂ ಆಟ ಬೇಸರ ತರುವುದಿಲ್ಲ. ಏಕೆ? ನಿಮ್ಮಲ್ಲಿ ನಾಲ್ಕು ಕಾಯಿಗಳಿವೆ. ಕವಡೆ ಬಿದ್ದಾಗಲೆಲ್ಲ ಯಾವುದನ್ನು ನಡೆಸಬೇಕೆಂದು ನೀವೇ ನಿರ್ಧರಿಸಬೇಕು. ಎದುರಾಳಿಯ ಕಾಯಿಯನ್ನು ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮವೂ ಹಲವು ಮನೆಗಳಲ್ಲಿದೆ. ಬೆನ್ನಟ್ಟಿ ಹೊಡೆಯುವುದೋ, ಕಟ್ಟೆ ಸೇರಿ ಉಳಿಯುವುದೋ? ತಪ್ಪಿದರೆ ಬೆಲೆ ತೆರಬೇಕು. ದಾರಿ ಒಂದೇ, ನಿರ್ಧಾರ ನೂರು. ‘ರಾಜಿ’ಯ ಕೊರತೆ ಇರುವುದು ಇಲ್ಲಿಯೇ.

ಶಿಕ್ಷಕರೇ, ಇದು ಕೇವಲ ಆಟದ ಮಾತಲ್ಲ. ಪ್ರಯೋಗಶಾಲೆಯಲ್ಲಿ ಸೂಚನೆಗಳನ್ನು ಒಂದೊಂದಾಗಿ ಪಾಲಿಸಿ ಸರಿಯುತ್ತರ ಬರೆದ ವಿದ್ಯಾರ್ಥಿ ಮುಖ್ಯ ಪಥವನ್ನು ಮುಗಿಸಿರುತ್ತಾನೆ, ನಿಜ. ಆದರೆ ದಾರಿಯಲ್ಲಿ ಅವನು ಎಲ್ಲಿಯಾದರೂ ನಿರ್ಧರಿಸಿದನೆ?

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಚೌಕುಳಿ ಹಾಳೆಯ ಮೇಲೆ ಬೈಂದೂರಿನಿಂದ ಬ್ರಹ್ಮಾವರಕ್ಕೆ ಒಂದೇ ದಾರಿಯ ಆಟವನ್ನು ಮಕ್ಕಳಿಂದಲೇ ಬರೆಸಿ. ಕವಲು ಹಾಕುವಂತಿಲ್ಲ. ಆದರೆ ಮೂರು ಕಡೆ ಆಟಗಾರ ನಿಂತು ಯೋಚಿಸಬೇಕು; ತಪ್ಪು ಆಯ್ಕೆಗೆ ದಂಡವಿರಬೇಕು, ಹಿಂದಿರುಗಿ ತಿದ್ದಿಕೊಳ್ಳಲು ಅವಕಾಶವೂ ಇರಬೇಕು. ಆ ಮೂರು ಮನೆಗಳನ್ನು ಎಲ್ಲಿ ಇಡುತ್ತಾರೆ, ಏಕೆ ಇಡುತ್ತಾರೆ ಎಂಬುದನ್ನು ಕೇಳಿ ತಿಳಿಯಿರಿ.