ಅರ್ಧ ನಿಮಿಷದ ಮಳೆ

ಪಾಲಿಯೆಸ್ಟರ್, ನೈಲಾನ್ ಮಳೆಕೋಟಿನಿಂದ ನೀರು ಜಾರಿಹೋಗಬೇಕಾದರೆ ಫ್ಲೋರೋಕಾರ್ಬನ್ ಫಿನಿಶ್ ಬೇಕೇ ಬೇಕು ಎಂಬ ನಂಬಿಕೆ ಜವಳಿ ಉದ್ಯಮದಲ್ಲಿ ಬೇರುಬಿಟ್ಟಿದೆ. ತ್ರೀಎಂ ಪ್ರಯೋಗಾಲಯದಲ್ಲಿ ಶೂ ಮೇಲೆ ಚೆಲ್ಲಿದ ದ್ರವ ಪ್ಯಾಟ್ಸಿ ಶೆರ್ಮನ್ ಮತ್ತು ಸ್ಯಾಮ್ಯುಯೆಲ್ ಸ್ಮಿತ್ ಅವರನ್ನು ಅಂಥದೇ ಫಿನಿಶ್ ಆದ ಸ್ಕಾಚ್‌ಗಾರ್ಡ್‌ವರೆಗೆ ಕರೆದೊಯ್ದ ಕಥೆ ಎಲ್ಲರಿಗೂ ಗೊತ್ತು. ನನ್ನ ತಕರಾರಿರುವುದು ಈ ಕೀರ್ತಿಯನ್ನು ಕಾಪಾಡಿಕೊಂಡು ಬಂದ ಸ್ಪ್ರೇ ಟೆಸ್ಟ್ ಬಗ್ಗೆ.

ಈ ಪರೀಕ್ಷೆಯಲ್ಲಿ ಬಟ್ಟೆಯನ್ನು ಬಳೆಗೆ ಬಿಗಿದು 45 ಡಿಗ್ರಿ ಓರೆಯಾಗಿ ಇಡುತ್ತಾರೆ. 150 ಮಿಲಿಮೀಟರ್ ಎತ್ತರದಿಂದ 250 ಮಿಲಿಲೀಟರ್ ನೀರು ಸುರಿಯುತ್ತದೆ. ಅರ್ಧ ನಿಮಿಷದೊಳಗೆ ಮಳೆ ಮುಗಿಯಿತು. ಬಳೆಯನ್ನು ಕುಟ್ಟಿ, ಒದ್ದೆಯಾದ ಗುರುತನ್ನು ಚಿತ್ರಗಳ ಜೊತೆ ಹೋಲಿಸಿ 100, 90, 80 ಎಂದು ಅಂಕ ಕೊಡುತ್ತಾರೆ. ಬ್ಯಾಗಿನ ಪಟ್ಟಿ ಉಜ್ಜಿದ ಹೆಗಲಾಗಲಿ, ಕುತ್ತಿಗೆಯ ಬೆವರಾಗಲಿ ಈ ಲೆಕ್ಕಕ್ಕೆ ಬರುವುದಿಲ್ಲ.

ಒಗೆದ ಮೇಲಿನ ಅಂಕದಲ್ಲಿ ಇನ್ನೂ ದೊಡ್ಡ ತೊಡಕಿದೆ. ಗಿರಣಿಯಲ್ಲಿ ಬಟ್ಟೆ ಒಣಗಿಸುವ ಸ್ಟೆಂಟರ್‌ನ ಬಿಸಿಯಲ್ಲಿ ಹೊರಮುಖವಾಗಿ ನಿಂತ ಫ್ಲೋರಿನ್ ಸರಪಳಿಗಳು ಒಗೆತದಲ್ಲಿ ಮಗುಚಿಕೊಳ್ಳುತ್ತವೆ. ಡ್ರೈಯರ್ ಅಥವಾ ಇಸ್ತ್ರಿಯ ಬಿಸಿ ತಾಗಿದರೆ ಮತ್ತೆ ಏಳುತ್ತವೆ. ಹಾಗಾಗಿ 20 ಒಗೆತದ ಬಳಿಕ 80 ಅಂಕ ಬಂತು ಎಂದರೆ ಮೊದಲು ಕೇಳಬೇಕಾದದ್ದು, ಬಟ್ಟೆ ಒಣಗಿದ್ದು ಹೇಗೆ ಎಂದು. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಮಳೆಕೋಟು ಒಣಗುವುದು ಜಗಲಿಯ ಹಗ್ಗದ ಮೇಲೆ. ಡ್ರೈಯರ್ ಬಿಸಿಯಲ್ಲಿ ಗಳಿಸಿದ ಅಂಕವನ್ನು ಆ ಕೋಟಿನ ಚೀಟಿಗೆ ಅಂಟಿಸುವುದು ಕೊಂಡವರಿಗೆ ಮಾಡುವ ಅನ್ಯಾಯ.

ಫ್ಲೋರಿನ್‌ಗೆ ಸಲ್ಲಬೇಕಾದದ್ದು ಸಲ್ಲಲಿ. ಎಣ್ಣೆಯನ್ನು ದೂರವಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ರಾಸಾಯನಿಕ ಎರಚುವ ಜಾಗದಲ್ಲಿ ದುಡಿಯುವವರಿಗೆ ಅದು ಬೇಕು. ಆದರೆ ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್, ಮೇಣ ಮತ್ತು ಸಿಲಿಕೋನ್‌ಗಳದು 20ರಿಂದ 30ರ ಆಸುಪಾಸು. ನೀರನ್ನಷ್ಟೇ ತಡೆಯಲು ಈ ಅಂತರ ಧಾರಾಳವಾಗಿ ಸಾಕು.

ಇದನ್ನು ಒಪ್ಪದ ಹೊರಾಂಗಣ ಉಡುಪಿನ ವಿಮರ್ಶಕರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಫ್ಲೋರಿನ್ ಬಿಟ್ಟ ಜಾಕೆಟ್ ನೆನೆಯುತ್ತದೆ ಎಂದು ಬರೆಯುವವರು ಫ್ಲೋರಿನ್ ಇರುವುದನ್ನೂ ಇಲ್ಲದ್ದನ್ನೂ ಒಂದೇ ರೀತಿ ಒಗೆದು, ಒಂದೇ ರೀತಿ ಒಣಗಿಸಿ ನೋಡಿದ್ದಾರೆಯೇ? 2017ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹೋಲಿಸಿ ನೋಡಿದಾಗ ಫ್ಲೋರಿನ್ ಇಲ್ಲದವು ಹಿಂದೆ ಬಿದ್ದದ್ದು ಎಣ್ಣೆಯ ಪರೀಕ್ಷೆಯಲ್ಲಿ. ನೀರಿನ ಮಟ್ಟಿಗೆ ಫ್ಲೋರಿನ್‌ರಹಿತ ಫಿನಿಶ್‌ಗಳು ಸರಿಸಾಟಿಯಾಗಿದ್ದವು. ಇನ್ನು ಪರಿಸರದ ಮಾತು: ಫ್ಲೋರಿನ್ ಫಿನಿಶ್‌ನಲ್ಲಿ ಎಂಟು ಕಾರ್ಬನ್ ಸರಪಳಿ ಬಿಟ್ಟು ಆರಕ್ಕೆ ಇಳಿದರೆ ಮಾಲಿನ್ಯದ ಸಮಸ್ಯೆ ತೀರಿತು ಎಂದವರ ವಾದವೂ ನಿಲ್ಲಲಿಲ್ಲ. ಸ್ಟಾಕ್‌ಹೋಮ್ ಒಪ್ಪಂದ 2019ರಲ್ಲಿ ಎಂಟು ಕಾರ್ಬನ್‌ನ ಪಿಎಫ್‌ಒಎಯನ್ನು ನಿಷೇಧದ ಪಟ್ಟಿಗೆ ಸೇರಿಸಿತು. 2024ರಲ್ಲಿ ಐರೋಪ್ಯ ಒಕ್ಕೂಟ ಆರು ಕಾರ್ಬನ್‌ನ ಪಿಎಫ್‌ಹೆಚ್‌ಎಕ್ಸ್‌ಎ ಮೇಲೂ ನಿರ್ಬಂಧ ತಂದಿತು. ಮಣ್ಣು, ನೀರಿನಲ್ಲಿ ಕೊಳೆಯದೆ ಉಳಿಯುವ ಗುಣ ಎರಡಕ್ಕೂ ಒಂದೇ.

ನಮ್ಮ ಖರೀದಿದಾರರು ಗಿರಣಿಗಳಿಂದ ಬರೀ ಅಂಕ ಕೇಳುವುದನ್ನು ನಿಲ್ಲಿಸಲಿ. ಹಗ್ಗದ ಮೇಲೆ ಒಣಗಿಸಿದ ಬಟ್ಟೆಯ ಅಂಕ, ಹೆಗಲ ಭಾಗವನ್ನು ಉಜ್ಜಿದ ಮೇಲಿನ ಅಂಕ, ಇವೆರಡನ್ನೂ ಆರ್ಡರ್‌ನಲ್ಲೇ ಬರೆಸಿಕೊಳ್ಳಲಿ.